ಮುಖದ ಯಜಮಾನಿ

೧೮೬೮, ಫೆಬ್ರವರಿ ೧೧

ಇವತ್ತು ಪಾದ್ರಿ ದೊನ್ ಫೋರ್ತುನಾತೊ ಬಂದು ಆಕಾಶ ಇನ್ನಷ್ಟು ನೀಲಿಯಾಗಿರಲಿ ಎಂದರು. ನಾನಿನ್ನೂ ಆಕಾಶವನ್ನೇ ಬರೆದಿಲ್ಲ! ಕ್ಯಾನ್ವಾಸಿನ ಮೇಲಿರುವುದು ಬರೀ ಇದ್ದಿಲ ಗೆರೆ. ಆದರೂ ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಕಣ್ಣು ಕಿರಿದು ಮಾಡಿ, "ನೀಲಿ ಯಾಕೋ ಸಾಲದು ಅನ್ಸತ್ತೆ, ಮಾಯೆಸ್ತ್ರೊ" ಎಂದರು. ಕರೆಯುವುದು ಮಾತ್ರ ಗುರುವೆಂದು!

ಮೂವತ್ತು ವರ್ಷಗಳಿಂದ ಇಂಥವರ ಮಾತು ಕೇಳಿಕೊಂಡು ಬಂದಿದ್ದೇನೆ. ಕುದುರೆಯ ಜೀನು ಹೊಲಿಯುವವನ ಮಗ ನಾನು, ಎವಾರಿಸ್ಟೊ ಮಾಲಿನ್ವೆರ್ನಿ. ಮಿಲಾನಿನ ಅಕಾಡೆಮಿಯಲ್ಲಿ ಚಿನ್ನದ ಪದಕ ನನಗೆ ಬರಬೇಕಿತ್ತು. ಕಾಟ್ಸಾನಿಗಾ ಎಂಬ ಸಹಪಾಠಿಗೆ ಹೋಯಿತು, ಯಾಕೆಂದರೆ ಅವನ ಚಿಕ್ಕಪ್ಪ ಪರೀಕ್ಷಕರ ಜೊತೆ ಇಸ್ಪೀಟು ಆಡುತ್ತಿದ್ದ. ಅವನೀಗ ಅಲ್ಲೇ ಪ್ರಾಧ್ಯಾಪಕ. ನಾನು ಅದ್ದಾ ನದಿ ದಂಡೆಯ ಈ ಪಿಯೆವೆಲುಂಗಾದಲ್ಲಿ ಸಾಹುಕಾರರ ಊಟದ ಕೋಣೆಯ ಛಾವಣಿಗೆ ದ್ರಾಕ್ಷಿ ಗೊಂಚಲು ಬರೆಯುತ್ತ, ತೀರಿಕೊಂಡ ಮಕ್ಕಳ ಮುಖವನ್ನು ಹಾಸಿಗೆಯ ಪಕ್ಕ ನಿಂತು ನಕಲು ಮಾಡುತ್ತ ತಲೆ ನರೆಸಿಕೊಂಡೆ. ಒಮ್ಮೆ ಮಿಲಾನಿನ ಪ್ರದರ್ಶನಕ್ಕೆ 'ಪ್ರವಾಹ' ಎಂಬ ದೊಡ್ಡ ಚಿತ್ರ ಕಳಿಸಿದ್ದೆ. ಬಾಗಿಲ ಮೇಲೆ ತೂಗುಹಾಕಿದರು. ಅದನ್ನು ಸರಿಯಾಗಿ ನೋಡಿದ್ದು ಜೇಡ ಮಾತ್ರ.

ಈಗ, ಐವತ್ತಾರನೇ ವಯಸ್ಸಿನಲ್ಲಿ, ನಮ್ಮ ಚರ್ಚಿನ ಬಲಿಪೀಠಕ್ಕೆ ಒಂದು ಚಿತ್ರ. ಗರ್ಭಿಣಿ ದೇವಮಾತೆ ಮರಿಯಾ ಬೆಟ್ಟದೂರಿಗೆ ನಡೆದು ಬಂದು, ಮುದಿ ವಯಸ್ಸಿನಲ್ಲಿ ಬಸುರಾದ ಬಂಧು ಎಲಿಸಬೆತ್ತಾಳ ಹೊಸಿಲ ಮುಂದೆ ನಿಂತದ್ದು. ಜುಲೈ ಎರಡರ ಹಬ್ಬಕ್ಕೆ ಮುಗಿಯಬೇಕು. ಇದಾದ ಮೇಲೆ ಇನ್ನೊಂದು ಇಂಥ ಕೆಲಸ ನನಗೆ ಯಾರೂ ಕೊಡುವುದಿಲ್ಲ, ಗೊತ್ತು.

ಮುದಿ ಎಲಿಸಬೆತ್ತಾಳಾಗಿ ನನ್ನ ಅಕ್ಕ ಡೊಮಿಟಿಲ್ಲಾಳನ್ನೇ ನಿಲ್ಲಿಸಿದ್ದೇನೆ. "ಮದುವೆ ಇಲ್ಲ ಮುಂಜಿ ಇಲ್ಲ, ಅರವತ್ತು ದಾಟಿದ್ಮೇಲೆ ನನ್ನ ಬಸುರಿ ಮಾಡಿದ್ಯಲ್ಲೋ ಎವಾರಿ" ಎಂದು ನಗುತ್ತಾಳೆ. ಮರಿಯಾ ಮಾತ್ರ ಸಿಕ್ಕಿಲ್ಲ. ನೋಟರಿಯ ಮಗಳು ಬಣ್ಣದ ಕೊಡೆ ಹಿಡಿದುಕೊಂಡು ಬಂದಿದ್ದಳು. ಬೇಯಿಸಿದ ಮೊಟ್ಟೆಯ ಹಾಗೆ ಕೂತಳು, ಬೇಯಿಸಿದ ಮೊಟ್ಟೆಯ ಹಾಗೆ ಎದ್ದು ಹೋದಳು.

ಫೆಬ್ರವರಿ ೨೪

ಮುಖ ಸಿಕ್ಕಿತು!

ಕಾಲುವೆಯ ಒಗೆಯುವ ಕಲ್ಲುಗಳ ಹತ್ತಿರ ಹೋಗುತ್ತಿದ್ದೆ. ಒಬ್ಬ ಹೆಂಗಸು ಒದ್ದೆ ಬಟ್ಟೆಯ ಗಂಟನ್ನು ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ನೆಟ್ಟಗೆ ನಿಂತಳು. ಆ ಕ್ಷಣ ಅವಳ ಮುಖದಲ್ಲಿ ದಣಿವೂ ಇತ್ತು, ಸದ್ಯ ಬಂದು ಮುಟ್ಟಿದೆನಲ್ಲ ಎಂಬ ಬೆಳಕೂ ಇತ್ತು. ಅಷ್ಟು ದೂರ ನಡೆದು ಬಂದ ಮರಿಯಾ ಬೇರೆ ಹೇಗಿದ್ದಾಳು?

ಹೆಸರು ಓರ್ಸೊಲಾ ಗಂದೀನಿಯಂತೆ. ಕರೆದರೆ "ಪುರುಸೊತ್ತಿಲ್ಲ" ಎಂದಳು. ದೇವಮಾತೆಯ ಮುಖಕ್ಕೆ ಎಂದರೆ ಇಂಥವರು ಹೆದರಿ ಓಡುತ್ತಾರೆ. ಚಿತ್ರದ ಮೂಲೆಯಲ್ಲಿ ಗಂಟು ಹಿಡಿದು ನಿಂತ ಒಬ್ಬ ಹಳ್ಳಿ ಹೆಂಗಸಿಗೆ ಮಾದರಿಯಾಗು ಎಂದೆ. ದಿನಗೂಲಿ ಕೊಡುತ್ತೇನೆಂದ ಮೇಲೆ ಒಪ್ಪಿದಳು. ಇದನ್ನು ಸುಳ್ಳು ಎನ್ನಲಾಗದು. ನೀನು ಏನಾಗುತ್ತೀ ಎಂದು ಬಡಗಿ ಮರಕ್ಕೆ ಹೇಳಿ ಕೊಯ್ಯುತ್ತಾನೆಯೇ?

ಮಾರ್ಚ್ ೧೭

ಈ ಹೆಂಗಸು ಸುಮ್ಮನೆ ನಿಲ್ಲುವವಳಲ್ಲ.

"ಮಾಯೆಸ್ತ್ರೊ, ಗಂಟು ಹಿಡ್ಕೊಂಡಿರೋಳಿಗೆ ಕೈ ಮುಖ್ಯ ಅಲ್ವಾ? ನೀವು ಅವಾಗಿಂದ ಮೂಗೇ ನೋಡ್ತಾ ಇದೀರಿ."

"ಬೆಳಕು ಮೂಗಿನ ಮೇಲಿದೆ. ಬಾಯಿ ಮುಚ್ಕೊಂಡು ನಿಲ್ಲು."

"ಬೆಳಕಿಗೇನು, ಎಲ್ಲಿ ಬೇಕಾದ್ರೂ ಬೀಳತ್ತೆ."

ಅವಳಿಗೆ ಮದುವೆಯಿಲ್ಲದೆ ಹುಟ್ಟಿದ ಮಗಳಿದ್ದಾಳೆ ಎಂದು ಡೊಮಿಟಿಲ್ಲಾ ಹೇಳಿದಳು. ಒಂಬತ್ತು ವರ್ಷದ ಹಿಂದೆ ಆಸ್ಟ್ರಿಯದ ಜೊತೆ ಯುದ್ಧವಾದಾಗ ಇಲ್ಲಿ ತಂಗಿದ್ದ ಯಾವನೋ ಸಿಪಾಯಿಯಂತೆ. ನಮ್ಮ ಸೇನೆಯವನೋ ಆಸ್ಟ್ರಿಯದವನೋ ಎಂದು ಊರು ಬಹಳ ದಿನ ಜಗಳವಾಡಿತ್ತಂತೆ. ಅದರಿಂದ ನನಗೇನಾಗಬೇಕು? ನನಗೆ ಬೇಕಾದದ್ದು ಕೆನ್ನೆಯ ಮೂಳೆ.

ಮೇ ೩೦

ಮುಗಿಯಿತು. ಬೆಳಿಗ್ಗೆಯಿಂದ ಕುಂಚ ಹಿಡಿದು ಎದುರಿಗೆ ಕೂತಿದ್ದೆ. ತಿದ್ದಲು ಏನೂ ಸಿಗಲಿಲ್ಲ. ಹೀಗೆಂದೂ ಆಗಿರಲಿಲ್ಲ.

ಕಾಟ್ಸಾನಿಗಾ ಬಂದು ನೋಡಲಿ. ತನ್ನ ಚಿಕ್ಕಪ್ಪನನ್ನೂ ಗೋರಿಯಿಂದ ಎಬ್ಬಿಸಿ ಕರೆತರಲಿ.

ಜೂನ್ ೭, ಭಾನುವಾರ

ಕತ್ತೆಗಳು! ಕತ್ತೆಗಳು!

ಬಲಿಪೂಜೆ ಮುಗಿದ ಮೇಲೆ, ಹಬ್ಬಕ್ಕೆ ಮುಂಚೆ ಊರು ಒಮ್ಮೆ ನೋಡಲಿ ಎಂದು ಚಿತ್ರದ ಮೇಲಿನ ಬಟ್ಟೆ ಸರಿಸಿದರು. ಮೊದಲು ಒಳ್ಳೆಯ ಮೌನವೇ ಇತ್ತು. ಆಮೇಲೆ ಮುಂದಿನ ಸಾಲಿನಿಂದ ಸಿನ್ಯೋರಾ ಲಾವಿನಿಯಾ ಬ್ರಂಬಾತಿಯ ಗಂಟಲು ಕೇಳಿತು. ಅವಳ ಗಂಡ ರೇಷ್ಮೆ ಗಿರಣಿಯ ಮಾಲೀಕ, ಚರ್ಚಿನ ಮಂಡಳಿಗೂ ಅಧ್ಯಕ್ಷ.

"ಅಯ್ಯೋ, ಇದು ನಮ್ಮನೆ ಬಟ್ಟೆ ಒಗೆಯೋ ಓರ್ಸೊಲಾ!"

ಇಡೀ ಚರ್ಚು ಗುಜುಗುಜು ಎಂದಿತು. ಸಿನ್ಯೋರಾ ಎದ್ದು ನಿಂತು ನನ್ನ ಕಡೆಗೇ ತಿರುಗಿದಳು. "ಸೋಮವಾರ ನನ್ನ ಒಳಲಂಗ ಒಗೆಯೋಳಿಗೆ ಭಾನುವಾರ ನಾನು ಮೊಣಕಾಲೂರಬೇಕಾ?"

"ಅಮ್ಮಾ, ನೀವು ಮೊಣಕಾಲೂರೋದು ದೇವಮಾತೆಗೆ" ಎಂದೆ.

"ದೇವಮಾತೆ ಮೂಗು ಹೇಗಿರತ್ತೆ ಅಂತ ನಂಗೆ ಗೊತ್ತಿಲ್ವಾ?"

ದೊನ್ ಫೋರ್ತುನಾತೊ ನನ್ನನ್ನು ಒಳಕೋಣೆಗೆ ಎಳೆದುಕೊಂಡು ಹೋದರು. "ನೋಡಪ್ಪಾ, ನಂಗೇನೂ ಇಲ್ಲ. ಚಿತ್ರ ಚೆನ್ನಾಗೇ ಇದೆ. ಮುಖ ಒಂದು ಬದಲಾಯ್ಸಿಬಿಡಿ. ಸಿನ್ಯೋರಾ ಮಗಳಿದಾಳಲ್ಲ, ಎಷ್ಟು ಶಾಂತವಾದ ಮುಖ."

"ಅದು ಶಾಂತಿ ಅಲ್ಲ, ನಿದ್ದೆ."

"ಮಾಯೆಸ್ತ್ರೊ! ಆ ಹೆಂಗಸಿನ ಚರಿತ್ರೆ ಊರಿಗೆಲ್ಲ ಗೊತ್ತು."

"ನಾನು ಬರೆದಿದ್ದು ಚರಿತ್ರೆ ಅಲ್ಲ, ಮುಖ. ಒಂದು ಕೂದಲನ್ನೂ ಮುಟ್ಟೋದಿಲ್ಲ."

ಹೊರಗೆ ಬರುವಷ್ಟರಲ್ಲಿ ಚಿತ್ರಕ್ಕೆ ಮತ್ತೆ ಬಟ್ಟೆ ಹೊದಿಸಿದ್ದರು. ಹೆಣಕ್ಕೆ ಹೊದಿಸಿದ ಹಾಗೆ.

ಜೂನ್ ೧೦

ಬಿಷಪ್ಪರಿಗೆ ಪತ್ರ ಬರೆದೆ, ಎಂಟು ಪುಟ. ಮಿಲಾನಿನ ಪತ್ರಿಕೆಗೆ ಇನ್ನೊಂದು, ಅದಕ್ಕಿಂತ ಉದ್ದ. ನನ್ನ ಹೆಸರೇನು, ನನ್ನ ಶ್ರಮವೇನು, ನನಗೆ ತಪ್ಪಿಹೋದ ಪದಕವೇನು, ಎಲ್ಲವನ್ನೂ ಬರೆದೆ. ಕಲೆಗಾರನ ಕೈಗೆ ಸಿಕ್ಕ ಮುಖ ಆಮೇಲೆ ಯಾರದ್ದೂ ಅಲ್ಲ, ಅದು ಕಲೆಯದ್ದು ಎಂಬ ವಾಕ್ಯ ಬಹಳ ಚೆನ್ನಾಗಿ ಬಂತು. ಎರಡೂ ಪತ್ರಗಳಿಗೆ ಹಾಕಿದೆ.

ಡೊಮಿಟಿಲ್ಲಾ ಊಟದ ಹೊತ್ತಿಗೆ, "ಆ ಕಾಲದಲ್ಲೂ ಬೆಟ್ಟದೂರಿನ ಹೆಂಗಸರು ಮರಿಯಾ ಹೊಟ್ಟೆ ನೋಡಿ ಏನೇನು ಮಾತಾಡಿದ್ರೋ" ಎಂದಳು. ಈ ಮಾತನ್ನೂ ಪತ್ರಕ್ಕೆ ಸೇರಿಸಬೇಕಿತ್ತು. ಅಂಚೆಯವನು ಹೋಗಿಯಾಗಿತ್ತು.

ಜೂನ್ ೧೪

ಇನ್ನೂ ಉತ್ತರವಿಲ್ಲ. ನೋಟರಿ ನನ್ನನ್ನು ಕಂಡರೆ ಟೋಪಿ ಮುಟ್ಟುವುದನ್ನು ಬಿಟ್ಟಿದ್ದಾನೆ. ನನ್ನಂಥವನಿಗೆ ಈ ಅವಮಾನ!

ಬ್ರಂಬಾತಿಯವರ ಮನೆಯಿಂದ ಶುರುವಾಗಿ ಒಬ್ಬೊಬ್ಬರೇ ಓರ್ಸೊಲಾಳಿಗೆ ಬಟ್ಟೆ ಹಾಕುವುದನ್ನು ನಿಲ್ಲಿಸಿದ್ದಾರಂತೆ. ಅದು ಬೇರೆ ವಿಷಯ.

ಜೂನ್ ೧೮

ಮಧ್ಯಾಹ್ನ ಓರ್ಸೊಲಾ ಬಂದಳು. ಬಾಗಿಲು ತಟ್ಟಲಿಲ್ಲ. ಕುರ್ಚಿ ತೋರಿಸಿದರೆ ಕೂರಲಿಲ್ಲ.

"ಮೂಲೇಲಿ ಗಂಟು ಹಿಡ್ಕೊಂಡು ನಿಂತಿರೋಳು ಅಂದ್ರಲ್ಲ. ಎಲ್ಲಿದಾಳೆ ಅವಳು?"

"ಅದಕ್ಕಿಂತ ದೊಡ್ಡ ಗೌರವ ಮಾಡಿದೀನಿ ನಿಂಗೆ."

"ಯಾರು ಕೇಳಿದ್ರು?"

ನೂರಾರು ವರ್ಷ ಜನ ನಿನ್ನನ್ನು ನೋಡುತ್ತಾರೆ ಎಂದೆ. ರಾಣಿಯರಿಗೂ ಸಿಗದ ಭಾಗ್ಯ ಎಂದೆ.

"ಒಂಬತ್ತು ವರ್ಷದಿಂದ ಯಾರೂ ನನ್ನ ನೋಡದ ಹಾಗೆ ಬದುಕಿದೀನಿ, ಮಾಯೆಸ್ತ್ರೊ. ಹಿತ್ತಿಲ ಬಾಗಿಲಲ್ಲಿ ಬಟ್ಟೆ ಇಸ್ಕೊಂಡು, ಹಿತ್ತಿಲ ಬಾಗಿಲಲ್ಲೇ ಕೊಟ್ಟು. ಎದುರಿಗೆ ಯಾರಾದ್ರೂ ಬಂದ್ರೆ ನೆಲ ನೋಡ್ಕೊಂಡು. ಊರು ಮರೀತಾ ಬಂದಿತ್ತು. ನನ್ನ ಮಗಳ ಜೊತೆ ಆಡೋಕೆ ಬೇರೆ ಮಕ್ಕಳು ಬರ್ತಿದ್ರು. ನೀವು ನನ್ನ ಎತ್ಕೊಂಡೋಗಿ ಅಷ್ಟು ಮೇಣದಬತ್ತಿ ಮಧ್ಯೆ ನಿಲ್ಲಿಸಿ, ಮರೆತವರಿಗೆಲ್ಲ ನೆನಪು ಮಾಡಿಕೊಟ್ರಿ."

"ನಾನು ಹೋರಾಡ್ತಾ ಇದೀನಿ! ಬಿಷಪ್ಪರಿಗೇ ಬರೆದಿದೀನಿ!"

"ಏನು ಬರೆದ್ರಿ? ನನ್ನ ಹೆಸರು ಬರೆದ್ರಾ ಅದ್ರಲ್ಲಿ?"

ಬರೆದಿರಲಿಲ್ಲ. ಅದರ ಅಗತ್ಯ ಬಿದ್ದಿರಲಿಲ್ಲ.

"ಜಗಳ ನಿಮ್ದು, ಮುಖ ನಂದು" ಎಂದು ಹೇಳಿ ಹೊರಟುಹೋದಳು. ಬಾಗಿಲನ್ನು ಮೆಲ್ಲಗೇ ಹಾಕಿಕೊಂಡು ಹೋದಳು. ಧಡಾರನೆ ಹಾಕಿದ್ದರೆ ನಾನೂ ಏನಾದರೂ ಕೂಗಬಹುದಿತ್ತು.

ಜೂನ್ ೧೯

ಕೃತಘ್ನೆ. ಹೆಸರಿಲ್ಲದವಳಿಗೆ ಸ್ವರ್ಗದ ಬಾಗಿಲು ತೋರಿಸಿದರೆ ಹಿತ್ತಿಲ ಬಾಗಿಲೇ ಬೇಕಂತೆ.

ಊಟ ರುಚಿಸಲಿಲ್ಲ. ಡೊಮಿಟಿಲ್ಲಾ ಮೆಕ್ಕೆಜೋಳದ ಪೊಲೆಂತಾಕ್ಕೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದಾಳೆ.

ಜೂನ್ ೨೨

ಓರ್ಸೊಲಾಳ ಮನೆಯ ಕಡೆ ಹೋಗಿದ್ದೆ. ಯಾಕೆ ಹೋದೆನೋ. ಇದ್ದಿಲು ಮುಗಿದಿತ್ತು, ಅಂಗಡಿ ಆ ಕಡೆಯೇ ಇದೆ.

ಬಾಗಿಲ ಮೇಲೆ ಯಾರೋ ಇದ್ದಿಲಲ್ಲಿ ಸಂತರ ತಲೆಯ ಹಿಂದೆ ಇರುವಂಥ ಪ್ರಭಾವಳಿ ಬರೆದಿದ್ದರು. ಅದರ ಕೆಳಗೆ ಒಂದು ಮಾತು. ಅದನ್ನು ಇಲ್ಲಿ ಬರೆಯಲಾರೆ. ಪ್ರಭಾವಳಿಯ ಗೆರೆಯೂ ಸೊಟ್ಟ! ಹತ್ತು ವರ್ಷದ ಮಕ್ಕಳು ಬರೆದದ್ದಲ್ಲ, ಅಕ್ಷರ ಚೆನ್ನಾಗಿ ಬಲ್ಲವರು ಬರೆದದ್ದು. ಆ ಬಾಗಿಲಲ್ಲಿ ಒಂದು ಮಗು ಓಡಾಡುತ್ತದೆ, ಅದಕ್ಕೂ ಈಗ ಓದಲು ಬರುತ್ತದೆ ಎಂದು ಈ ಹೇಡಿಗಳಿಗೆ ಅನ್ನಿಸಲಿಲ್ಲವೇ?

ಜೇಬಿನಲ್ಲಿ ಬ್ರೆಡ್ಡಿನ ತುಂಡಿತ್ತು. ನಾವು ಚಿತ್ರಗಾರರು ಕಾಗದದ ಮೇಲಿನ ಇದ್ದಿಲ ಗೆರೆಯನ್ನು ಬ್ರೆಡ್ಡಿನಿಂದ ಅಳಿಸುವ ಹಾಗೆ ಉಜ್ಜತೊಡಗಿದೆ. ಹಿಂದಿನಿಂದ ನೋಟರಿಯ ದನಿ ಕೇಳಿತು: "ಏನ್ ಮಾಯೆಸ್ತ್ರೊ, ನಿಮ್ಮ ಸಂತಮ್ಮಂಗೆ ಪೂಜೆನಾ?"

ಕೈಯಲ್ಲಿದ್ದ ಕೋಲು ಬೀಸಿದೆ. ಅವನ ಟೋಪಿ ಹಾರಿ ಕಾಲುವೆಗೆ ಬಿತ್ತು, ತೇಲಿಕೊಂಡು ಗಿರಣಿಯ ಕಡೆ ಹೋಯಿತು. ತಲೆ ತಪ್ಪಿಸಿಕೊಂಡಿತಲ್ಲ ಎಂದಷ್ಟೇ ನನಗೆ ಬೇಸರ.

ಗದ್ದಲ ಕೇಳಿ ಓರ್ಸೊಲಾ ಬಾಗಿಲು ತೆರೆದು ಬಂದಳು. ಬಾಗಿಲು ನೋಡಿದಳು, ನನ್ನ ಕೈ ನೋಡಿದಳು. "ತಿನ್ನೋದನ್ನ ಯಾಕೆ ಹಾಳು ಮಾಡ್ತೀರಿ" ಎಂದು ಹೇಳಿ ಒಳಗಿನಿಂದ ಬೂದಿನೀರು, ಬ್ರಷ್ಷು ತಂದು ತಾನೇ ತಿಕ್ಕಿದಳು. ನಾನು ಬಕೆಟ್ಟು ಹಿಡಿದು ನಿಂತೆ. ಆಕೆ ಬ್ರಷ್ಷು ಅದ್ದಲು ತಿರುಗಿದಾಗಲೆಲ್ಲ ಮುಂದೆ ಚಾಚಿದೆ.

ಬರುವಾಗ ಇದ್ದಿಲು ತರುವುದನ್ನು ಮರೆತೆ.

ಜೂನ್ ೨೫

ಗೆದ್ದೆ!

ಬಿಷಪ್ಪರ ಕಚೇರಿಯಿಂದ ಉತ್ತರ ಬಂದಿದೆ. ಚಿತ್ರ ಭಕ್ತಿಪೂರ್ಣವಾಗಿದೆ, ಮುಖದ ಆಯ್ಕೆ ಕಲೆಗಾರನಿಗೆ ಸೇರಿದ್ದು, ಹಬ್ಬದ ದಿನ ಇದ್ದ ಹಾಗೆಯೇ ಅನಾವರಣವಾಗಲಿ ಎಂದು ದೊನ್ ಫೋರ್ತುನಾತೊ ಅವರಿಗೆ ಆದೇಶ. ನನಗೊಂದು ಪ್ರತಿ. ಮೂವತ್ತು ವರ್ಷಗಳಲ್ಲಿ ಒಬ್ಬ ದೊಡ್ಡ ಮನುಷ್ಯ ನನ್ನ ಪರವಾಗಿ ಬರೆದ ಮೊದಲ ಕಾಗದ. ಸಿನ್ಯೋರಾ ಬ್ರಂಬಾತಿ ಇನ್ನು ಮೊಣಕಾಲೂರಲಿ, ಎರಡೂ ಮೊಣಕಾಲು!

ಕಾಗದ ಹಿಡಿದು ಓಡಿದೆ. ಓರ್ಸೊಲಾ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದರು. ಹಗ್ಗದ ಮೇಲೆ ಅಷ್ಟೇನೂ ಇರಲಿಲ್ಲ. ಛತ್ರದ ಎರಡು ಹಾಸಿಗೆ ಬಟ್ಟೆ, ಮಗಳದೊಂದು ಲಂಗ.

"ಗೆದ್ವಿ!" ಎಂದು ಕೂಗಿದೆ.

"ಎಷ್ಟು ಜನ ಗೆದ್ವಿ?"

ಕಾಗದ ಓದಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡರು.

"ಪಾದ್ರಿನ ಕೇಳಿದ್ರಿ, ಬಿಷಪ್ಪರನ್ನ ಕೇಳಿದ್ರಿ, ಪೇಪರಿನವರನ್ನೂ ಕೇಳಿದ್ರಿ. ನನ್ನ ಕೇಳೋದೊಂದು ಬಾಕಿ ಇದೆ, ಮಾಯೆಸ್ತ್ರೊ."

ಬಿಸಿಲು ನೆತ್ತಿಯ ಮೇಲಿತ್ತು. ನಾನು ಟೋಪಿ ತೆಗೆದೆ. "ಹಾಗಾದ್ರೆ ಕೇಳ್ತೀನಿ. ನಿಮ್ಮ ಮುಖ ಅಲ್ಲಿ ಇರ್ಲಾ, ಬೇಡ್ವಾ?"

ಅವರು ಒಂದು ಬಟ್ಟೆ ಕೊಡವಿ, ಹಗ್ಗಕ್ಕೆ ಹಾಕಿ, ಅಂಚು ಎಳೆದು ಸರಿ ಮಾಡಿದರು. "ಒಂದಿನ ಬೆಳಿಗ್ಗೆ, ಯಾರೂ ಇಲ್ಲದಾಗ, ಆ ಮುಸುಕು ಎತ್ತಿ ನೋಡಿ ಬಂದೆ. ಚೆನ್ನಾಗಿದೆ. ನಾನು ಹೀಗಿದೀನಿ ಅಂತ ನಂಗೇ ಗೊತ್ತಿರಲಿಲ್ಲ." ಆಮೇಲೆ ಹೇಳಿದರು: "ಬೇಡ."

ಜೂನ್ ೨೬

ಅಳಿಸುವುದಿಲ್ಲ. ಯಾಕೆ ಅಳಿಸಬೇಕು? ಕೈಗೆ ಬಂದ ಒಂದೇ ಒಂದು ಒಳ್ಳೆಯ ಚಿತ್ರ. ಬಿಷಪ್ಪರ ಮುದ್ರೆ ಬಿದ್ದಾಗಿದೆ. ಒಬ್ಬ ಹೆಂಗಸು ಬೇಡ ಎಂದಳೆಂದು ನನ್ನ ಬದುಕನ್ನು ನಾನೇ ಕೆರೆದು ತೆಗೆಯಬೇಕೇ?

ಇದನ್ನೇ ಡೊಮಿಟಿಲ್ಲಾಳಿಗೆ ಕೂಗಿ ಹೇಳಿದೆ. ಅವಳು ಅವರೆಕಾಳು ಬಿಡಿಸುತ್ತಿದ್ದಳು. "ಕೇಳಿದ್ದು ನೀನೇ ತಾನೆ? ನಿಂಗೆ ಬೇಕಾದ ಉತ್ತರನೇ ಬರ್ಬೇಕು ಅಂದ್ರೆ ಕೇಳಿದ್ಯಾಕೆ?"

ಇವಳೂ ಆ ಕಡೆ!

ಜೂನ್ ೨೯

ಮೂರು ದಿನದಿಂದ ಏಣಿಯ ಮೇಲಿದ್ದೇನೆ. ಮುಖ ಕೆರೆದೆ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಚಾಕುವಿಗೆ ಸುಲಭವಾಗಿ ಬಂತು. ಅಷ್ಟು ಸುಲಭವಾಗಿ ಬರಬಾರದಿತ್ತು.

ದೊನ್ ಫೋರ್ತುನಾತೊ ಏಣಿಯ ಬುಡದಲ್ಲಿ ನಿಂತು ತಲೆ ಚಚ್ಚಿಕೊಂಡರು. "ಬಿಷಪ್ಪರೇ ಒಪ್ಪಿದ್ಮೇಲೆ ಇದೇನಪ್ಪಾ! ಈಗ ಯಾರು ಬೇಡ ಅಂದ್ರು?"

"ಯಜಮಾನಿ."

"ಯಾವ ಯಜಮಾನಿ? ಸಿನ್ಯೋರಾ ಬ್ರಂಬಾತೀನಾ?"

"ಮುಖದ ಯಜಮಾನಿ."

ಅವರಿಗೆ ಅರ್ಥವಾಗಲಿಲ್ಲ. "ಹಾಗಾದ್ರೆ ಸಿನ್ಯೋರಾ ಮಗಳದ್ದು..." ಎಂದು ಶುರು ಮಾಡಿದರು. ಯಾರದ್ದೂ ಹಾಕುವುದಿಲ್ಲ ಎಂದೆ. ಮರಿಯಾ ಈಗ ಬಂದ ಆಯಾಸಕ್ಕೆ ಎಲಿಸಬೆತ್ತಾಳ ಹೆಗಲಿಗೆ ಮುಖವಿಟ್ಟಿದ್ದಾಳೆ. ಕಾಣುವುದು ತಲೆಯ ಮೇಲಿನ ಮುಸುಕು, ಒಂದಿಷ್ಟು ಕಿವಿ, ಬಿಸಿಲಿಗೆ ಸುಟ್ಟ ಕತ್ತು. ಅವಳನ್ನು ಹಿಡಿದುಕೊಂಡಿರುವುದು ಡೊಮಿಟಿಲ್ಲಾಳ ಮುದಿ ಕೈ.

ಜುಲೈ ೩

ನಿನ್ನೆ ಹಬ್ಬ ಆಯಿತು. ಸಿನ್ಯೋರಾ ಬ್ರಂಬಾತಿ "ಮುಖವೇ ಇಲ್ವಲ್ಲ!" ಎಂದು ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದಳು. ಆದರೂ ಮೊಣಕಾಲೂರಿದಳು.

ಊರಿನ ಲೆಕ್ಕದಲ್ಲಿ ಮಾಲಿನ್ವೆರ್ನಿ ಗಿರಣಿ ಮಾಲೀಕನ ಹೆಂಡತಿಗೆ ಹೆದರಿ ಬಾಲ ಮುದುರಿದ. ಮಿಲಾನಿನ ಪತ್ರಿಕೆ ನನ್ನ ಪತ್ರವನ್ನು ಹಾಕಲೇ ಇಲ್ಲ. ಬದಲಿಗೆ 'ಕಲೆಗಾರ ವಿವೇಕದಿಂದ ಊರಿನ ಭಾವನೆಗೆ ತಲೆಬಾಗಿದ' ಎಂದು ಎರಡು ಸಾಲು ಹಾಕಿದೆ. ವಿವೇಕವಂತೆ! ನೋಟರಿ ಆ ಪತ್ರಿಕೆಯನ್ನು ಕಾಫಿ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ. ಹೊಸ ಟೋಪಿ ಹಾಕಿಕೊಂಡಿದ್ದ.

ನಿಜ ಏನೆಂದು ಹೇಳಬಹುದಿತ್ತು. ಹೇಳಿದರೆ ಮತ್ತೆ ಓರ್ಸೊಲಾ ಅವರ ಹೆಸರು ಬೀದಿಗೆ ಬರುತ್ತದೆ. ಕಾಫಿ ಕುಡಿದು ಎದ್ದು ಬಂದೆ. ಕಾಫಿಯೂ ಕೆಟ್ಟದಾಗಿತ್ತು.

ಜುಲೈ ೨೧

ಓರ್ಸೊಲಾ ಬಂದಿದ್ದರು. ಈ ಸಲ ಬಾಗಿಲು ತಟ್ಟಿದರು, ಕುರ್ಚಿಯಲ್ಲಿ ಕೂತರು. ಡೊಮಿಟಿಲ್ಲಾ ವೈನ್ ಕೊಟ್ಟಳು.

"ಬಟ್ಟೆ ಮತ್ತೆ ಬರ್ತಾ ಇದೆ" ಎಂದರು. "ಬ್ರಂಬಾತಿಯವರ ಮನೆ ಆಳು ಕೂಡ ಬಂದಿದ್ದ. ಬೇರೆಯವರು ಒಗೆದ್ರೆ ಕಾಲರ್ ಹಳದಿಯಾಗತ್ತಂತೆ. ಬಂದವರಿಗೆಲ್ಲ ದರ ಜಾಸ್ತಿ ಮಾಡಿದೀನಿ."

ಡೊಮಿಟಿಲ್ಲಾ ಎಷ್ಟು ನಕ್ಕಳೆಂದರೆ ಅವಳ ಲೋಟ ಚೆಲ್ಲಿತು.

ಆಮೇಲೆ ಅವರು ನನ್ನ ಕಡೆ ತಿರುಗಿದರು. "ಒಂದು ಕೇಳ್ಲಾ? ನನ್ನದೊಂದು ಚಿತ್ರ ಬರೀರಿ. ದೇವಮಾತೆ ಅಂತ ಅಲ್ಲ. ಪಶ್ಚಾತ್ತಾಪ ಪಟ್ಟ ಪಾಪಿ ಅಂತ ಕೂದ್ಲು ಬಿಚ್ಚಿ ಅಳೋ ಹಾಗೂ ಬರೀಬೇಡಿ. ಸುಮ್ನೆ ನಾನು. ಕೆಳಗೆ ನನ್ನ ಹೆಸರು."

"ಎಲ್ಲಿ ನಿಲ್ಲಿಸಲಿ?"

"ನಿಲ್ಲಲ್ಲ. ಕೂರ್ತೀನಿ. ಇಷ್ಟು ವರ್ಷ ನಿಂತೇ ಇದೀನಿ."

ಆಗಸ್ಟ್ ೯

ಕಂದು ಬಟ್ಟೆ ಹಾಕಿಕೊಂಡು ಬರುತ್ತಾರೆ. ಭಾನುವಾರ ಮಾತ್ರ ಬಿಡುವು. ಕೈ ಕಟ್ಟಿಕೊಂಡು ಕೂರುತ್ತಾರೆ, ನೇರ ನನ್ನ ಕಣ್ಣಿಗೇ ನೋಡುತ್ತಾರೆ. ಗಲ್ಲ ಸ್ವಲ್ಪ ತಗ್ಗಿಸಲಾದೀತೇ ಎಂದು ಇವತ್ತು ಕೇಳಿದೆ. ಯಾಕೆ ಎಂದರು. ಯೋಚಿಸಿದೆ. ರೂಢಿ, ಅಷ್ಟೇ. ಗಲ್ಲ ಹಾಗೆಯೇ ಇರಲಿ ಎಂದೆ.

ಸೆಖೆ. ಈ ತಿಂಗಳು ಸೊಳ್ಳೆ ವಿಪರೀತ. ಊರಿನ ಆಡಳಿತಕ್ಕೆ ಈ ಕಾಲುವೆ ಹೂಳೆತ್ತಿಸುವ ಯೋಗ್ಯತೆಯಿಲ್ಲ.

ಸೆಪ್ಟೆಂಬರ್ ೬

ಮುಗಿಯಿತು. ಬಲಿಪೀಠದ ಚಿತ್ರದ ಮುಖಕ್ಕಿಂತ ಇದು ಚೆನ್ನಾಗಿದೆ. ಸುಮ್ಮನೆ ಹೇಳುತ್ತಿಲ್ಲ. ಅಲ್ಲಿ ನಾನು ಕದ್ದು ನೋಡುತ್ತಿದ್ದೆ, ಇಲ್ಲಿ ಅವರೂ ನನ್ನನ್ನು ನೋಡುತ್ತಿದ್ದರು.

ಮಿಲಾನಿನ ಪ್ರದರ್ಶನಕ್ಕೆ ಇನ್ನೂ ಸಮಯವಿದೆ. ಈ ಸಲ ಬಾಗಿಲ ಮೇಲೆ ಹಾಕುವ ಧೈರ್ಯ ಯಾರಿಗೂ ಬರುವುದಿಲ್ಲ. ಕಾಟ್ಸಾನಿಗಾ ಇದರ ಮುಂದೆ ನಿಂತು ತನ್ನ ಪದಕ ಕಿತ್ತು ಕೊಡಬೇಕು. ಓರ್ಸೊಲಾ ಅವರನ್ನು ಕೇಳಿದೆ.

"ಬೇಡ" ಎಂದರು. "ಮನೆಯಲ್ಲಿರ್ಲಿ. ಒಲೆ ಎದುರಿಗೆ ಗೋಡೆ ಖಾಲಿ ಇದೆ."

ಒಲೆಯ ಎದುರಿಗೆ! ಹೊಗೆಗೆ! ನನ್ನ ಜೀವಮಾನದ ಕೆಲಸ ಒಂದು ಒಗೆಯುವ ಮನೆಯಲ್ಲಿ, ಸೂಪಿನ ಹಬೆ ಕುಡಿದುಕೊಂಡು! ಮಿಲಾನ್ ನೋಡುವುದಿಲ್ಲ, ಯಾರೂ ನೋಡುವುದಿಲ್ಲ. ಇಂಥ ಅನ್ಯಾಯ ಯಾವ ಕಲೆಗಾರನಿಗೂ ಆಗಿರಲಾರದು.

ಅಳತೆ ತೆಗೆದುಕೊಂಡು ಹೋಗಿ ಬಡಗಿಗೆ ಚೌಕಟ್ಟು ಹೇಳಿ ಬಂದೆ. ವಾಲ್ನಟ್ ಮರದ್ದೇ ಆಗಬೇಕು, ಹೊಗೆಗೆ ಅದು ತಡೆಯುತ್ತದೆ.

ಸೆಪ್ಟೆಂಬರ್ ೧೫

ಚಿತ್ರದ ಒಂದು ತುದಿ ನಾನು, ಇನ್ನೊಂದು ತುದಿ ಓರ್ಸೊಲಾ ಹಿಡಿದು, ಹಾಡುಹಗಲು ಸಂತೆಬೀದಿಯಲ್ಲೇ ಹೊತ್ತುಕೊಂಡು ಹೋದೆವು. ಹಿಂದಿನ ಓಣಿಯಿಂದ ಹೋಗೋಣವೇ ಎಂದು ಕೇಳಿದ್ದೆ. ಬೇಡ, ಇಲ್ಲಿಂದಲೇ ಹೋಗೋಣ ಎಂದರು. ಚಿತ್ರವನ್ನು ಮುಚ್ಚಿರಲಿಲ್ಲ. ಮೀನಿನವಳು ಚಾಕು ಕೆಳಗಿಟ್ಟು ನೋಡಿದಳು. ನೋಟರಿಯ ಹೆಂಡತಿ ಕಿಟಕಿಯಿಂದ ನೋಡಿದಳು.

ಬಾಗಿಲು ಕಿರಿದು. ಅಡ್ಡ ತಿರುಗಿಸಿ ಒಳಗೆ ಒಯ್ಯಬೇಕಾಯಿತು. "ನಿಧಾನ, ಮಾಯೆಸ್ತ್ರೊ, ಮೂಲೆ ತಾಗತ್ತೆ" ಎಂದು ಗದರಿದರು. ಮೊಳೆ ಹೊಡೆದು, ತೂಗುಹಾಕಿ ಹಿಂದೆ ಸರಿದೆವು. ಮಗಳು ಬಹಳ ಹೊತ್ತು ನೋಡಿ, "ಇದ್ರಲ್ಲಿ ಅಮ್ಮಂಗೆ ಸಿಟ್ಟು ಬಂದಿದೆ" ಎಂದಳು.

"ಸಿಟ್ಟಲ್ಲ. ಯೋಚನೆ ಮಾಡ್ತಾ ಇದೀನಿ" ಎಂದರು ಓರ್ಸೊಲಾ.

ಆಗ ನನಗೆ ಕಂಡಿತು. ಕೆಳಗೆ ಅವರ ಹೆಸರಿದೆ, ದೊಡ್ಡ ಅಕ್ಷರದಲ್ಲಿ. ನನ್ನ ಹೆಸರು ಎಲ್ಲಿಯೂ ಇಲ್ಲ. ಹಾಕುವುದನ್ನೇ ಮರೆತಿದ್ದೆ.

"ನನ್ನ ಹೆಸರು ಹಾಕಿಲ್ಲ" ಎಂದೆ. "ಹಾಕ್ಲಾ?"

ಅವರು ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದರು, ಬಟ್ಟೆಯಲ್ಲಿ ಕಲೆ ಹುಡುಕುವ ಹಾಗೆ. ಬಲಗಡೆ ಕೆಳಗೆ, ಕುರ್ಚಿಯ ಕಾಲಿನ ಪಕ್ಕ, ಬೆರಳಿಟ್ಟು ತೋರಿಸಿದರು.

"ಇಲ್ಲಿ ಹಾಕಿ. ಸಣ್ಣದಾಗಿ."

ಕುಂಚ ಜೊತೆಯಲ್ಲಿರಲಿಲ್ಲ. ನಾಳೆ ಬೆಳಿಗ್ಗೆ ಹೋಗಿ ಹಾಕಿ ಬರಬೇಕು. ಹೊತ್ತು ಏರುವ ಮುಂಚೆಯೇ ಹೋಗಬೇಕು. ಆಮೇಲೆ ಅವರು ಕಾಲುವೆಗೆ ಹೋಗಿರುತ್ತಾರೆ.